ಓದುಗರ ಪ್ರಶ್ನೆ: ಮಳೆಗಾಲದ ಮನೆಯಲ್ಲಿ ನಿಂತುಹೋದ ಓದು

ಪ್ರಶ್ನೆ: ಮಾನ್ಯರೇ, ನಾನು ಮೈಸೂರಿನ ಕಾಲೇಜೊಂದರಲ್ಲಿ ಬಿ.ಎಸ್ಸಿ. ಎರಡನೆಯ ವರ್ಷದ ವಿದ್ಯಾರ್ಥಿನಿ. ರಸಾಯನಶಾಸ್ತ್ರ ಮತ್ತು ಸಸ್ಯಶಾಸ್ತ್ರ ನನ್ನ ವಿಷಯಗಳು. ನಮ್ಮ ಮನೆ ಮಡಿಕೇರಿಯಿಂದ ಗಾಳಿಬೀಡಿಗೆ ಹೋಗುವ ದಾರಿಯಲ್ಲಿ ಒಳಗಡೆ ಇದೆ. ಮೇ ತಿಂಗಳಲ್ಲಿ ತೋಟದ ಮರಗಳ ಕೊಂಬೆ ಕಡಿಯುವಾಗ ಅಪ್ಪ ಏಣಿಯಿಂದ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಅಮ್ಮನಿಗೆ ಒಬ್ಬರಿಗೇ ಮನೆ, ಹಸು, ತೋಟ ನಿಭಾಯಿಸುವುದು ಆಗುವುದಿಲ್ಲವೆಂದು ನಾನು ಒಂದು ಸೆಮಿಸ್ಟರ್ ಬಿಡುವು ಪಡೆದು ಬಂದಿದ್ದೇನೆ. ಹಿಂತಿರುಗಿದ ಮೇಲೆ ಬಾಕಿ ಪತ್ರಿಕೆಗಳನ್ನೂ ಬರೆಯಬೇಕು. ಬರುವಾಗ, ಮನೆಯಲ್ಲಿಯೇ ಎಲ್ಲವನ್ನೂ ಓದಿ ಮುಗಿಸುತ್ತೇನೆ ಎಂದುಕೊಂಡಿದ್ದೆ. ಈಗ ಎರಡು ತಿಂಗಳಾಯಿತು, ಎರಡು ಅಧ್ಯಾಯವೂ ಮುಗಿದಿಲ್ಲ. ರಾತ್ರಿ ಎರಡು ಗಂಟೆಯವರೆಗೆ ನಿದ್ದೆ ಬರುವುದಿಲ್ಲ, ಬೆಳಿಗ್ಗೆ ಏಳಲು ಆಗುವುದಿಲ್ಲ. ನೆಟ್‌ವರ್ಕ್ ಸಿಗುವುದು ಮನೆಯ ಮೇಲಿನ ದಿಬ್ಬದಲ್ಲಿ ಮಾತ್ರ. ಅಲ್ಲಿಗೆ ಹೋದರೆ ಗೆಳತಿಯರ ಸ್ಟೇಟಸ್ ನೋಡಿ ಅಳುತ್ತಾ ಇಳಿದು ಬರುತ್ತೇನೆ. ನನ್ನಲ್ಲಿ ಛಲವೇ ಇಲ್ಲವೇನೋ ಅನ್ನಿಸುತ್ತಿದೆ. ಏನು ಮಾಡಲಿ?
(ಹೆಸರು ಬೇಡ, ಮಡಿಕೇರಿ ತಾಲ್ಲೂಕು)

ಉತ್ತರ: ಅಪ್ಪನ ಕಾಲು ಮುರಿದ ವಾರವೇ ಪುಸ್ತಕ ಕಟ್ಟಿಕೊಂಡು ಮನೆಗೆ ಬಂದ ಹುಡುಗಿ ನೀವು. ನಿಮ್ಮಲ್ಲಿ ಛಲವಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ನೀವು ಕಳೆದುಕೊಂಡಿರುವುದು ಬೇರೆ. ಹಾಸ್ಟೆಲಿನಲ್ಲಿದ್ದಾಗ ತಿಂಡಿಯ ಗಂಟೆ, ಮೊದಲ ತರಗತಿ, ಪ್ರಯೋಗಾಲಯದ ಹೊತ್ತು, ಸಂಜೆ ಗೆಳತಿಯರೊಂದಿಗೆ ನಡೆದು ಬರುವ ದಾರಿ, ಇವೆಲ್ಲ ಸೇರಿ ನಿಮ್ಮ ದಿನಕ್ಕೆ ಒಂದು ಚೌಕಟ್ಟು ಹಾಕಿಕೊಟ್ಟಿದ್ದವು. ಅದರೊಳಗೆ ಓದು ತಾನಾಗಿ ನಡೆಯುತ್ತಿತ್ತು. ಮನೆಗೆ ಬಂದ ದಿನ ಆ ಚೌಕಟ್ಟು ಕಳಚಿತು, ಅದರ ಜಾಗದಲ್ಲಿ ಇನ್ನೊಂದನ್ನು ಯಾರೂ ಕಟ್ಟಿಕೊಡಲಿಲ್ಲ. ಅಷ್ಟನ್ನೂ ಮನೋಬಲ ಒಂದರಿಂದಲೇ ತುಂಬಿಕೊಳ್ಳಲು ಹೊರಟಿದ್ದರಿಂದ ನೀವು ದಣಿದಿದ್ದೀರಿ. ಮೂವತ್ತು ವರ್ಷ ಪದವಿ ತರಗತಿಗಳಿಗೆ ಪಾಠ ಮಾಡಿದವಳು ನಾನು. ಮನೆಯಲ್ಲಿ ಕೂತು ಓದುತ್ತೇನೆ ಎಂದು ಹೋದ ಬಹಳ ಒಳ್ಳೆಯ ವಿದ್ಯಾರ್ಥಿಗಳೂ ಹೀಗೆಯೇ ಸೋತು ಬಂದು ನನ್ನ ಮುಂದೆ ನಿಂತದ್ದನ್ನು ಕಂಡಿದ್ದೇನೆ.

ಆದ್ದರಿಂದ ಮೊದಲು ದಿನವನ್ನು ಕಟ್ಟೋಣ, ಓದಿನ ವಿಚಾರ ಆಮೇಲೆ. ದಿನವನ್ನು ಕಟ್ಟಲು ಬೆಳಗಿನಿಂದಲೇ ಹೊರಡಬೇಕು. ಬೇಗ ಮಲಗಬೇಕೆಂದು ರಾತ್ರಿ ಹತ್ತಕ್ಕೇ ದೀಪ ಆರಿಸಿ ಹೊರಳಾಡಿದರೆ ಪ್ರಯೋಜನವಿಲ್ಲ, ಏಕೆಂದರೆ ನಿದ್ದೆಯನ್ನು ಕರೆದು ತರಲು ನಮ್ಮಿಂದಾಗುವುದಿಲ್ಲ. ಏಳುವ ಹೊತ್ತನ್ನು ಮಾತ್ರ ನಾವು ಗೊತ್ತುಮಾಡಬಹುದು. ರಾತ್ರಿ ಎಷ್ಟು ಹೊತ್ತಿಗೆ ಮಲಗಿದ್ದರೂ ಬೆಳಿಗ್ಗೆ ಆರೂವರೆಗೆ ಎದ್ದು, ಅರ್ಧ ಗಂಟೆಯೊಳಗೆ ಜಗುಲಿಗೆ ಬಂದು ಬೆಳಕಿಗೆ ಮುಖ ಮಾಡಿ ಕೂತುಕೊಳ್ಳಿ. ಮನುಷ್ಯನ ಮೆದುಳಿನೊಳಗಿರುವ ಗಡಿಯಾರ ಹೆಚ್ಚಿನವರಲ್ಲಿ ಇಪ್ಪತ್ತನಾಲ್ಕು ಗಂಟೆಗಿಂತ ತುಸು ನಿಧಾನವಾಗಿ ಸುತ್ತುತ್ತದೆ. ಅದನ್ನು ದಿನವೂ ಸರಿಪಡಿಸುವುದು ಕಣ್ಣಿಗೆ ಬೀಳುವ ಬೆಳಗಿನ ಬೆಳಕು. ನಮ್ಮ ಕಡೆಯ ಜುಲೈ ತಿಂಗಳಲ್ಲಿ ಮಂಜು, ಮೋಡ, ಮುಚ್ಚಿದ ಕಿಟಕಿ, ಮಿಣುಕುವ ಬಲ್ಬು, ಇವುಗಳ ನಡುವೆ ಆ ಗಡಿಯಾರಕ್ಕೆ ಹಗಲು ಯಾವಾಗ ಆಯಿತೆಂಬುದೇ ತಿಳಿಯದೆ ಹೋಗುತ್ತದೆ. ಮಳೆ ಸುರಿಯುತ್ತಿರುವಾಗಲೂ ಜಗುಲಿಯ ಬೆಳಕು ಒಳಗಿನ ಬಲ್ಬಿನ ಬೆಳಕಿಗಿಂತ ಹಲವು ಪಟ್ಟು ಹೆಚ್ಚಿರುತ್ತದೆ. ಮೊದಲ ನಾಲ್ಕೈದು ದಿನ ಹಗಲು ತೂಕಡಿಕೆ ಬರುತ್ತದೆ. ಆಗ ಮಧ್ಯಾಹ್ನ ಇಪ್ಪತ್ತು ನಿಮಿಷ ಮಲಗಿ ಎದ್ದುಬಿಡಿ, ಮೂರು ಗಂಟೆಯ ನಂತರ ಮಲಗಬೇಡಿ. ಒಂದೆರಡು ವಾರದಲ್ಲಿ ರಾತ್ರಿಯ ನಿದ್ದೆ ಹಿಂದಕ್ಕೆ ಸರಿದು ಬರುವುದನ್ನು ನೀವೇ ಗಮನಿಸುವಿರಿ.

ಮನೆಗೆಲಸ ಓದನ್ನು ನುಂಗುತ್ತಿದೆ ಎಂದು ನೀವು ನೇರವಾಗಿ ಬರೆದಿಲ್ಲ, ಆದರೆ ಪತ್ರದ ಸಾಲುಗಳ ನಡುವೆ ಅದು ಕಾಣುತ್ತದೆ. ಹಸುವಿಗೂ ಒಲೆಗೂ ತಮ್ಮದೇ ಹೊತ್ತುಗಳಿವೆ, ಅವು ಯಾರಿಗಾಗಿಯೂ ಕಾಯುವುದಿಲ್ಲ. ಕಾಲೇಜಿನ ಗಂಟೆಯ ಬದಲಿಗೆ ಆ ಹೊತ್ತುಗಳನ್ನೇ ಹಿಡಿದುಕೊಳ್ಳಿ. ‘ನಾಳೆ ಚೆನ್ನಾಗಿ ಓದುತ್ತೇನೆ’ ಎಂಬ ಸಂಕಲ್ಪ ನಿಲ್ಲುವುದಿಲ್ಲ. ‘ಹಾಲು ಕರೆದು, ಕೈ ತೊಳೆದು, ರೊಟ್ಟಿ ತಿಂದ ಕೂಡಲೇ ಕಿಟಕಿಯ ಪಕ್ಕದ ಮೇಜಿನಲ್ಲಿ ರಸಾಯನಶಾಸ್ತ್ರದ ಪುಸ್ತಕ ತೆರೆಯುತ್ತೇನೆ’ ಎಂಬುದು ನಿಲ್ಲುತ್ತದೆ. ಯಾವ ಕೆಲಸದ ನಂತರ, ಎಲ್ಲಿ, ಯಾವ ಪುಸ್ತಕ ಎಂದು ಮೊದಲೇ ಗೊತ್ತುಮಾಡಿಕೊಂಡರೆ ಹೊತ್ತು ಬಂದಾಗ ಮನಸ್ಸಿನೊಂದಿಗೆ ಜಗಳವಾಡುವ ಪ್ರಸಂಗವೇ ಬರುವುದಿಲ್ಲ. ಹಾಸಿಗೆಯ ಮೇಲೆ ಮಾತ್ರ ಓದಬೇಡಿ. ಮಳೆಗಾಲದಲ್ಲಿ ಕಂಬಳಿಯೊಳಗೆ ಕೂತು ಓದುವ ಆಸೆ ಎಲ್ಲರಿಗೂ ಆಗುತ್ತದೆ, ಆದರೆ ಹಾಗೆ ಓದಿದರೆ ಓದೂ ಹತ್ತುವುದಿಲ್ಲ, ರಾತ್ರಿ ಅದೇ ಹಾಸಿಗೆಯಲ್ಲಿ ನಿದ್ದೆಯೂ ಬರುವುದಿಲ್ಲ.

ಇದನ್ನು ಅಮ್ಮನೊಂದಿಗೆ ಬಾಯಿಬಿಟ್ಟು ಮಾತನಾಡಿ ಇತ್ಯರ್ಥ ಮಾಡಿಕೊಳ್ಳಬೇಕು. ‘ಅಮ್ಮಾ, ಬೆಳಿಗ್ಗೆ ಒಂಬತ್ತರಿಂದ ಹನ್ನೊಂದು ನನ್ನನ್ನು ಕರೆಯಬೇಡಿ, ಹನ್ನೊಂದರ ನಂತರ ಅಪ್ಪನನ್ನು ನಾನು ನೋಡಿಕೊಳ್ಳುತ್ತೇನೆ, ನೀವು ತೋಟಕ್ಕೆ ಹೋಗಿ ಬನ್ನಿ’ ಎಂದು ಕೊಡುವುದನ್ನೂ ಕೇಳುವುದನ್ನೂ ಒಟ್ಟಿಗೆ ಹೇಳಿ. ಹಾಗೆ ಹೇಳದಿದ್ದರೆ, ಪುಸ್ತಕ ಹಿಡಿದು ಕೂತ ಮಗಳು ಹಿರಿಯರ ಕಣ್ಣಿಗೆ ಸುಮ್ಮನೆ ಕೂತವಳಂತೆಯೇ ಕಾಣುತ್ತಾಳೆ.

ಮನಸ್ಸು ಬಂದ ಮೇಲೆ ಓದಲು ಕೂರುತ್ತೇನೆ ಎಂದು ಕಾಯಬೇಡಿ. ಕುಗ್ಗಿದ ಮನಸ್ಸಿಗೆ ಚಿಕಿತ್ಸೆ ನೀಡುವವರು ಇಂದು ಅನುಸರಿಸುವ ಒಂದು ಕ್ರಮವೇ ಇದರ ಮೇಲೆ ನಿಂತಿದೆ: ಉತ್ಸಾಹ ಮೊದಲು ಬಂದು ಕೆಲಸ ಆಮೇಲೆ ನಡೆಯಬೇಕೆಂದು ನಿರೀಕ್ಷಿಸದೆ, ಚಿಕ್ಕ ಕೆಲಸವನ್ನು ಹೊತ್ತಿಗೆ ಸರಿಯಾಗಿ ಮಾಡಿಸುತ್ತಾ ಹೋದರೆ ಉತ್ಸಾಹ ಹಿಂದಿನಿಂದ ಬರುತ್ತದೆ. ಮೊದಲ ವಾರ ದಿನಕ್ಕೆ ಇಪ್ಪತ್ತೈದು ನಿಮಿಷದ ಎರಡು ಕೂರಿಕೆಗಳು ಸಾಕು. ಎರಡು ಗಂಟೆ ಓದಬಲ್ಲೆ ಅನ್ನಿಸಿದ ದಿನವೂ ಆ ವಾರ ಅಷ್ಟಕ್ಕೇ ನಿಲ್ಲಿಸಿ, ಮಾರನೆಯ ದಿನಕ್ಕೆ ಹಸಿವು ಉಳಿಸಿಕೊಳ್ಳಿ.

ಓದುವ ರೀತಿಯನ್ನೂ ಬದಲಿಸಬೇಕು. 1885ರಲ್ಲಿ ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿದ್ವಾಂಸ, ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆತುಹೋಗುತ್ತದೆ ಎಂದು ಅಳೆದು ಪ್ರಕಟಿಸಿದ. ಕಲಿತದ್ದರಲ್ಲಿ ಬಹುಪಾಲು ಮೊದಲ ದಿನವೇ ಜಾರಿಹೋಗುತ್ತದೆ, ಬಿಡುವು ಕೊಟ್ಟು ಮತ್ತೆ ಮತ್ತೆ ನೆನಪಿಗೆ ತಂದುಕೊಂಡರೆ ಉಳಿಯುತ್ತದೆ ಎಂಬುದು ಅಂದಿನಿಂದ ಹಲವು ಬಾರಿ ಪರೀಕ್ಷೆಗೊಳಗಾಗಿ ನಿಂತಿದೆ. ನಿಮ್ಮಂಥವರಿಗೆ ಇದರಲ್ಲಿ ದೊಡ್ಡ ಅನುಕೂಲವಿದೆ, ಏಕೆಂದರೆ ಇದಕ್ಕೆ ಕರೆಂಟೂ ಬೇಡ, ನೆಟ್‌ವರ್ಕೂ ಬೇಡ. ನಾಲ್ಕು ಪುಟ ಓದಿ, ಪುಸ್ತಕ ಮುಚ್ಚಿ, ನೆನಪಿದ್ದಷ್ಟನ್ನು ಹಾಳೆಯ ಮೇಲೆ ಬರೆಯಿರಿ; ಬಿಟ್ಟುಹೋದದ್ದನ್ನು ಪುಸ್ತಕ ನೋಡಿ ಕೆಂಪು ಶಾಯಿಯಲ್ಲಿ ಸೇರಿಸಿ. ಅದನ್ನೇ ಮರುದಿನ, ಮೂರು ದಿನ ಬಿಟ್ಟು, ವಾರ ಬಿಟ್ಟು ಮತ್ತೆ ಬರೆಯಿರಿ. ಅಪ್ಪ ಮಂಚದ ಮೇಲೆ ಬೇಸರದಿಂದ ಮಲಗಿದ್ದಾರಲ್ಲವೇ, ಅವರಿಗೆ ಪಾಠ ವಿವರಿಸಿ ಹೇಳಿ. ಅವರಿಗೆ ಅರ್ಥವಾಗದ ಜಾಗವೇ ನಿಮಗೂ ಸರಿಯಾಗಿ ಅರ್ಥವಾಗದ ಜಾಗವಾಗಿರುತ್ತದೆ.

ದಿಬ್ಬಕ್ಕೆ ಹೋಗುವುದನ್ನು ನಿಲ್ಲಿಸಬೇಡಿ, ಆದರೆ ಚೀಟಿ ಬರೆದುಕೊಂಡು ಹೋಗಿ. ದೇಶದ ಐಐಟಿಗಳೂ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ 2003ರಿಂದ ನಡೆಸುತ್ತಿರುವ ಎನ್‌ಪಿಟಿಇಎಲ್ ಎಂಬ ಅಂತರ್ಜಾಲ ಯೋಜನೆಯ ವಿಡಿಯೊ ಪಾಠಗಳನ್ನು ಇಳಿಸಿಕೊಂಡು ಮನೆಯಲ್ಲಿ ನೋಡಬಹುದು. ವಾರಕ್ಕೆ ಬೇಕಾದ ಪಾಠಗಳು ಯಾವುವು, ಯಾವ ಅಧ್ಯಾಪಕರಿಗೆ ಏನು ಕೇಳಬೇಕು ಎಂಬುದು ಚೀಟಿಯಲ್ಲಿರಲಿ. ಅದು ಮುಗಿದ ಮೇಲೆ ಒಬ್ಬ ಗೆಳತಿಗೆ ಕರೆ ಮಾಡಿ ಹತ್ತು ನಿಮಿಷ ಮಾತನಾಡಿ. ಸ್ಟೇಟಸ್‌ಗಳನ್ನು ಸದ್ಯಕ್ಕೆ ಮುಚ್ಚಿಡಿ. ನಿಮಗೆ ಈಗ ಬೇಕಾಗಿರುವುದು ನಿಮ್ಮ ಹೆಸರು ಹಿಡಿದು ಕರೆಯುವ ಒಂದು ದನಿ. ಮಳೆ ಜೋರಾಗಿರುವಾಗ, ಗುಡುಗು ಇರುವಾಗ ಮಾತ್ರ ದಿಬ್ಬ ಹತ್ತಬೇಡಿ, ಪಾಠ ನಾಳೆಯೂ ಅಲ್ಲೇ ಇರುತ್ತದೆ.

ಸಸ್ಯಶಾಸ್ತ್ರದ ವಿದ್ಯಾರ್ಥಿನಿಯಾದ ನಿಮಗೆ ಇನ್ನೊಂದು ಮಾತು ಹೇಳದಿರಲಾರೆ. ನಮ್ಮ ಕೊಡಗಿನ ಪಂಚಾಂಗದ ಕಕ್ಕಡ ತಿಂಗಳು ಬರುತ್ತಿದೆ. ಹದಿನೆಂಟನೆಯ ದಿನ, ಅಂದರೆ ಆಗಸ್ಟ್ 3ರ ಸುಮಾರಿಗೆ, ಮನೆಮನೆಯಲ್ಲಿ ಮದ್ದು ಸೊಪ್ಪಿನ ಪಾಯಸ ಮಾಡುತ್ತಾರೆ. ಸೊಪ್ಪನ್ನು ಕುದಿಸಿದಾಗ ನೀರು ಕಡುನೇರಳೆಗೆ ತಿರುಗುವುದನ್ನು ನೀವು ಚಿಕ್ಕಂದಿನಿಂದ ನೋಡಿದ್ದೀರಿ. ಜಸ್ಟೀಶಿಯಾ ವೈನಾಡೆನ್ಸಿಸ್ ಎಂಬ ಆ ಗಿಡವನ್ನು ಈ ಸಲ ವಿದ್ಯಾರ್ಥಿನಿಯ ಕಣ್ಣಿನಿಂದ ನೋಡಿ, ಎಲೆಗಳ ಜೋಡಣೆಯನ್ನು ಚಿತ್ರಿಸಿ, ಒಂದು ರೆಂಬೆಯನ್ನು ಒತ್ತಿ ಒಣಗಿಸಿ ಇಡಿ. ನಮ್ಮ ಮಳೆಗಾಲದಲ್ಲಿ ಒತ್ತಿಟ್ಟ ಗಿಡಕ್ಕೆ ಎರಡೇ ದಿನದಲ್ಲಿ ಬೂಸ್ಟು ಹಿಡಿಯುತ್ತದೆ. ಪತ್ರಿಕೆಯ ಹಾಳೆಗಳನ್ನು ದಿನವೂ ಬದಲಾಯಿಸಿ ಒಲೆಯ ಬಿಸಿ ತಾಗುವ ಅಟ್ಟದ ಮೇಲಿಡಬೇಕು. ಮೈಸೂರಿನ ನಿಮ್ಮ ಗೆಳತಿಯರ ಕೈಗೆ ಈ ಮಳೆಗಾಲದಲ್ಲಿ ಸಿಗದ ಪಾಠ ನಿಮ್ಮ ತೋಟದ ಅಂಚಿನಲ್ಲಿದೆ. ಹೋಗುವಾಗ ಇಂಬಳಕ್ಕೆ (ಜಿಗಣೆಗೆ) ಉಪ್ಪಿನ ಪೊಟ್ಟಣ ಮರೆಯಬೇಡಿ.

ದೇಹದ ವಿಷಯವನ್ನು ಚಿಕ್ಕದಾಗಿ ಹೇಳುತ್ತೇನೆ. ವಾರಕ್ಕೆ ಕನಿಷ್ಠ 150 ನಿಮಿಷ ಮೈ ಬಿಸಿಯಾಗುವಂತೆ ಚಲಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹುಲ್ಲು ಕೊಯ್ದು ಹೊತ್ತು ತರುವ ನೀವು ಅದರಲ್ಲಿ ಬಹುಪಾಲನ್ನು ಈಗಾಗಲೇ ಮಾಡುತ್ತಿದ್ದೀರಿ, ಅದನ್ನು ಲೆಕ್ಕಕ್ಕೆ ಹಿಡಿಯಿರಿ.

ನಿಮ್ಮ ನಿದ್ದೆಗೆಡುವಿಕೆಯಲ್ಲಿ ಭಯದ ಪಾಲೂ ಇರಬಹುದೆಂದು ನನ್ನ ಊಹೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಹೆಮ್ಮೆತ್ತಾಳು, ಜೋಡುಪಾಲದ ಗುಡ್ಡಗಳು ಜಾರಿದಾಗ ನೀವಿನ್ನೂ ಶಾಲೆಯ ಹುಡುಗಿ. ಆ ವರ್ಷದ ನಂತರ ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ, ರಾತ್ರಿ ಮಳೆಯ ಸದ್ದು ಏರಿದರೆ ಒಬ್ಬರಾದರೂ ಎದ್ದು ಕೂತಿರುತ್ತಾರೆ. ಇದನ್ನು ಹೇಡಿತನವೆಂದು ಯಾರೂ ಹೇಳಬಾರದು. ಅಂಕಪಟ್ಟಿಗಳು, ಆಧಾರ್, ಅಪ್ಪನ ಔಷಧ, ಟಾರ್ಚ್ ಎಲ್ಲವನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಗಿಲ ಬಳಿ ಇಡಿ. ನಡೆಯಲಾಗದ ಅಪ್ಪನನ್ನು ಯಾವ ನೆರೆಯವರು ಬಂದು ಎತ್ತಿಕೊಳ್ಳುತ್ತಾರೆ, ಕಾಳಜಿ ಕೇಂದ್ರ ಎಲ್ಲಿ ತೆರೆಯುತ್ತದೆ ಎಂದು ಹಗಲಿನಲ್ಲೇ ಮಾತನಾಡಿಕೊಳ್ಳಿ. ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಯ 1077 ಸಂಖ್ಯೆಯನ್ನು ಗೋಡೆಯ ಮೇಲೆ ಬರೆದಿಡಿ. ಸಿದ್ಧತೆ ಇರುವ ಮನೆಯಲ್ಲಿ ನಿದ್ದೆ ಸ್ವಲ್ಪ ಬೇಗ ಬರುತ್ತದೆ.

ಕೊನೆಯದಾಗಿ, ಒಂದು ಡೈರಿ ಇಡಿ. ನನ್ನ ಮಾವನವರು ತೋಟದ ಮನೆಯ ಅಂಗಳದಲ್ಲಿ ಮಳೆಮಾಪಕ ಇಟ್ಟುಕೊಂಡಿದ್ದರು. ದಿನವೂ ಬೆಳಿಗ್ಗೆ ಎಂಟೂವರೆಗೆ ಕೊಡೆ ಹಿಡಿದು ಹೋಗಿ, ಹಿಂದಿನ ದಿನದ ನೀರನ್ನು ಗಾಜಿನ ಅಳತೆಯ ಲೋಟಕ್ಕೆ ಸುರಿದು, ಕಣ್ಣಿನ ಮಟ್ಟಕ್ಕೆ ಎತ್ತಿ ನೋಡಿ, ಒಳಗೆ ಬಂದು ಕನ್ನಡಕ ಒರೆಸಿಕೊಂಡು ಇಂಚು ಸೆಂಟುಗಳಲ್ಲಿ ಬರೆಯುತ್ತಿದ್ದರು; ನೂರು ಸೆಂಟಿಗೆ ಒಂದು ಇಂಚು. ಎಂಟು ಇಂಚು ಸುರಿದ ದಿನ ಎಂಟು, ಹತ್ತು ಸೆಂಟು ಬಿದ್ದ ದಿನ ಹತ್ತು ಸೆಂಟು, ಏನೂ ಬಾರದ ದಿನ ಸೊನ್ನೆ. ಸೊನ್ನೆಯ ದಿನಗಳನ್ನು ಅವರು ಬಿಟ್ಟುಬಿಡುತ್ತಿರಲಿಲ್ಲ, ಅದಕ್ಕಾಗಿ ಆಕಾಶವನ್ನು ಬೈಯುತ್ತಲೂ ಇರಲಿಲ್ಲ. ನೀವೂ ಹಾಗೆಯೇ ದಿನಕ್ಕೊಂದು ಸಾಲು ಬರೆಯಿರಿ: ಎದ್ದ ಹೊತ್ತು, ಎಷ್ಟು ಕೂರಿಕೆ, ಯಾವ ಪುಟಗಳು, ಯಾರೊಂದಿಗೆ ಮಾತನಾಡಿದೆ. ಎಷ್ಟು ಓದಬೇಕಾಗಿತ್ತು ಎಂಬ ಅಂಕಣ ಬೇಡ. ಆರು ವಾರದ ಸಾಲುಗಳು ತುಂಬಿದ ಮೇಲೆ ನನಗೆ ಮತ್ತೆ ಬರೆಯಿರಿ, ಕಾಯುತ್ತಿರುತ್ತೇನೆ.

ಪ್ರಶ್ನೆ: ಅಕ್ಕ, ನನ್ನ ಮಗನಿಗೆ ಇಪ್ಪತ್ತು ವರ್ಷ. ಕಾಲೇಜಿಗೆ ಹೋಗಲು ಇಷ್ಟವಿಲ್ಲವೆಂದು ಮನೆಯಿಂದಲೇ ದೂರಶಿಕ್ಷಣದ ಬಿ.ಕಾಂ. ಕಟ್ಟಿದ್ದಾನೆ. ಈಗ ಒಂದು ತಿಂಗಳಿನಿಂದ ಕೋಣೆಯ ಬಾಗಿಲು ಹಾಕಿಕೊಂಡೇ ಇರುತ್ತಾನೆ. ಎಲ್ಲರೂ ಮಲಗಿದ ಮೇಲೆ ಬಂದು ಊಟ ಮಾಡುತ್ತಾನೆ. ಫುಟ್‌ಬಾಲ್ ಎಂದರೆ ಜೀವ ಬಿಡುತ್ತಿದ್ದವನು ಮೈದಾನದ ಕಡೆ ನೋಡುವುದಿಲ್ಲ. ನಮ್ಮ ಯಜಮಾನರು ಇದು ಬರೀ ಸೋಮಾರಿತನ, ನಾಲ್ಕು ಏಟು ಬಿದ್ದರೆ ಸರಿಹೋಗುತ್ತದೆ ಎನ್ನುತ್ತಾರೆ. ನನಗೆ ಹೆದರಿಕೆಯಾಗುತ್ತಿದೆ.
(ಒಬ್ಬ ತಾಯಿ, ಸೋಮವಾರಪೇಟೆ ತಾಲ್ಲೂಕು)

ಉತ್ತರ: ನಿಮ್ಮ ಹೆದರಿಕೆಯನ್ನು ನಂಬಿ. ಸೋಮಾರಿಯಾದ ಹುಡುಗ ಓದನ್ನು ಬಿಡುತ್ತಾನೆ, ಆಟವನ್ನು ಬಿಡುವುದಿಲ್ಲ. ಪ್ರೀತಿಯ ವಸ್ತುವಿನಲ್ಲಿಯೇ ರುಚಿ ಹೋಗುವುದು, ನಿದ್ದೆ ಊಟಗಳು ಏರುಪೇರಾಗುವುದು, ಜನರಿಂದ ದೂರ ಸರಿಯುವುದು, ‘ನನ್ನಿಂದ ಏನೂ ಆಗದು’ ಎಂಬ ಮಾತು, ಇವು ಹೆಚ್ಚುಕಡಿಮೆ ದಿನವೂ ಎರಡು ವಾರಕ್ಕಿಂತ ಹೆಚ್ಚು ಕಾಲ ಕಂಡುಬಂದರೆ ಅದನ್ನು ಖಿನ್ನತೆಯ ಕಾಯಿಲೆ ಇರಬಹುದೆಂದು ತಿಳಿದು ವೈದ್ಯರಿಗೆ ತೋರಿಸಬೇಕು. ನಿಮ್ಮ ಮಗನಿಗೆ ತಿಂಗಳಾಗಿದೆ. ಏಟು, ಹೋಲಿಕೆ, ನೆಂಟರ ಮುಂದೆ ಗೇಲಿ, ಇವುಗಳಿಂದ ಬಾಗಿಲು ಇನ್ನಷ್ಟು ಬಿಗಿಯಾಗುತ್ತದೆ. ಯಜಮಾನರಿಗೆ ಈ ಉತ್ತರವನ್ನು ಓದಲು ಕೊಡಿ. ಕಾಲು ಮುರಿದವನನ್ನು ಓಡು ಎಂದು ಹೊಡೆಯುವವರಲ್ಲ ಅವರು ಎಂದು ನಾನು ನಂಬಿದ್ದೇನೆ.

ಊಟದ ಹೊತ್ತಿನಲ್ಲಿ, ಎಲ್ಲರ ಎದುರು ವಿಚಾರಿಸಬೇಡಿ. ರಾತ್ರಿ ಅವನು ಊಟಕ್ಕೆ ಬರುವಾಗ ಎದ್ದು ಬಂದು, ಅನ್ನ ಬಿಸಿ ಮಾಡಿ ಬಡಿಸಿ, ಪಕ್ಕದಲ್ಲಿ ಕೂತುಕೊಳ್ಳಿ. ಮೊದಲ ಎರಡು ದಿನ ಏನೂ ಕೇಳಬೇಡಿ. ಮೂರನೆಯ ದಿನ, ‘ನೀನು ಸಂಕಟದಲ್ಲಿದ್ದೀಯ ಅಂತ ನನಗೆ ಕಾಣ್ತಾ ಇದೆ ಮಗಾ, ಬದುಕೇ ಬೇಡ ಅನ್ನಿಸ್ತಾ ಇದೆಯಾ?’ ಎಂದು ನೇರವಾಗಿ ಕೇಳಿ. ಹಾಗೆ ಕೇಳುವುದರಿಂದ ಇಲ್ಲದ ಯೋಚನೆ ತಲೆಗೆ ಬರುತ್ತದೆ ಎಂಬುದು ತಪ್ಪು ತಿಳುವಳಿಕೆ. ಕೇಳುವವರಿದ್ದಾರೆ ಎಂಬುದೇ ಎಷ್ಟೋ ಮಕ್ಕಳಿಗೆ ಆಸರೆಯಾಗುತ್ತದೆ. ಅವನು ಹೌದು ಎಂದರೆ ಆ ರಾತ್ರಿ ಒಬ್ಬನನ್ನೇ ಬಿಡಬೇಡಿ, ಮಾರನೆಯ ದಿನವೇ ವೈದ್ಯರ ಬಳಿಗೆ ಹೊರಡಿ. ಅವನು ಏನೇ ಉತ್ತರ ಕೊಡಲಿ, ತೋಟಕ್ಕೆ ಹೊಡೆಯುವ ಔಷಧಗಳನ್ನೂ, ಮನೆಯಲ್ಲಿ ಬಂದೂಕು ಇದ್ದರೆ ಅದನ್ನೂ ಅದರ ತೋಟಾಗಳನ್ನೂ ಇಂದೇ ಬೀಗ ಹಾಕಿಡಿ, ಬೀಗದ ಕೈ ನಿಮ್ಮ ಬಳಿಯೇ ಇರಲಿ. ನಮ್ಮ ಜಿಲ್ಲೆಯ ಮನೆಗಳಲ್ಲಿ ಇವು ಕೈಗೆಟುಕುವ ಜಾಗದಲ್ಲಿರುವುದು ನನ್ನನ್ನು ಸದಾ ಕಾಡುವ ವಿಷಯ. ಸಂಕಟದ ಆ ಗಳಿಗೆ ಬಹಳ ಸಲ ಚಿಕ್ಕದು. ಆಗ ಕೈಗೆ ಏನೂ ಸಿಗದಿದ್ದರೆ ಜೀವ ಉಳಿಯುತ್ತದೆ.

ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ, ಕನ್ನಡದಲ್ಲಿಯೇ ಮಾತನಾಡಬಹುದು. ಮಗ ಒಪ್ಪದಿದ್ದರೆ ಮೊದಲು ನೀವೇ ಕರೆ ಮಾಡಿ. ಮಡಿಕೇರಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ‘ನಿದ್ದೆ ಸರಿಯಿಲ್ಲವಲ್ಲ, ತೋರಿಸಿಕೊಂಡು ಬರೋಣ’ ಎಂದು ಕರೆದರೆ ಹುಡುಗರು ಸಾಮಾನ್ಯವಾಗಿ ಹೊರಡುತ್ತಾರೆ, ಅದು ಸುಳ್ಳೂ ಆಗುವುದಿಲ್ಲ. ಈ ವರ್ಷದ ಪರೀಕ್ಷೆ ತಪ್ಪಿದರೆ ತಪ್ಪಲಿ ಎಂದು ಅವನೆದುರು ಬಾಯಿ ತುಂಬ ಹೇಳಿಬಿಡಿ.

ಪ್ರಶ್ನೆ: ಹಗಲು ಮನೆಯಲ್ಲಿ ಗಲಾಟೆ, ಆದ್ದರಿಂದ ರಾತ್ರಿ ಎಂಟು ಗಂಟೆಗೆ ಎರಡು ಲೋಟ ಗಟ್ಟಿ ಕಾಫಿ ಕುಡಿದು ಓದಲು ಕೂರುತ್ತೇನೆ. ಆದರೂ ಬೆಳಿಗ್ಗೆ ಏನೂ ನೆನಪಿರುವುದಿಲ್ಲ. ಏಕೆ?
(ಬಿ.ಎ. ವಿದ್ಯಾರ್ಥಿ, ಕುಶಾಲನಗರ)

ಉತ್ತರ: ಕಾಫಿಯಲ್ಲಿರುವ ಕೆಫೀನ್ ಅರ್ಧಕ್ಕೆ ಇಳಿಯಲು ಸಾಮಾನ್ಯವಾಗಿ ಐದು ಗಂಟೆ ಬೇಕು. ಎಂಟಕ್ಕೆ ಎರಡು ಲೋಟ ಕುಡಿದರೆ, ರಾತ್ರಿ ಒಂದು ಗಂಟೆಗೆ ಒಂದು ಲೋಟದಷ್ಟು ಇನ್ನೂ ಮೈಯಲ್ಲಿರುತ್ತದೆ. ಅದರಲ್ಲಿಯೂ ನಮ್ಮ ಜಿಲ್ಲೆಯಲ್ಲಿ ಹೆಚ್ಚಾಗಿ ಬೆಳೆಯುವ ರೊಬಸ್ಟಾದಲ್ಲಿ ಅರೇಬಿಕಾಕ್ಕಿಂತ ಸುಮಾರು ಎರಡು ಪಟ್ಟು ಕೆಫೀನ್ ಇದೆ. ತೋಟದ ಮನೆಗಳ ಪುಡಿ ಬಹುಪಾಲು ಅದೇ. ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವ ಕೆಲಸ ನಿದ್ದೆಯಲ್ಲಿ ನಡೆಯುತ್ತದೆ, ನೀವು ಆ ನಿದ್ದೆಯನ್ನೇ ಕದಡುತ್ತಿದ್ದೀರಿ. ನಿಮ್ಮ ವಯಸ್ಸಿಗೆ ರಾತ್ರಿ ಏಳರಿಂದ ಒಂಬತ್ತು ಗಂಟೆ ನಿದ್ದೆ ಬೇಕು. ದಿನದ ಕೊನೆಯ ಕಾಫಿಯನ್ನು ಮಧ್ಯಾಹ್ನ ಎರಡರೊಳಗೆ ಕುಡಿದು ಮುಗಿಸಿ, ರಾತ್ರಿ ಹತ್ತಕ್ಕೆ ಮಲಗಿ, ಬೆಳಿಗ್ಗೆ ಐದಕ್ಕೆ ಎದ್ದು ಓದಿ ನೋಡಿ. ನಿಮ್ಮ ಮನೆಯ ಗಲಾಟೆಯೂ ಆ ಹೊತ್ತಿಗೆ ಮಲಗಿರುತ್ತದೆ. ಮೊದಲ ಮೂರು ದಿನ ತಲೆ ನೋಯಬಹುದು, ಆದ್ದರಿಂದ ಒಮ್ಮೆಲೇ ನಿಲ್ಲಿಸದೆ ದಿನಕ್ಕೆ ಅರ್ಧ ಲೋಟದಂತೆ ಇಳಿಸುತ್ತಾ ಬನ್ನಿ.